ಕರೆಂಟ್ ಹೋದರೆ ಪರದೆಯನ್ನು ಮರಳಿ ತರುವುದು ಹೇಗೆ? ಬಳಸಿದವರು ಅನುಭವ ಹೇಳಿ

ತೂಕದ ಮನೆ, ಸಾಗರ

ನಮ್ಮದು ಅಡಿಕೆ ವಹಿವಾಟಿನ ಸಣ್ಣ ಸಂಘ. ತೂಕದ ಮನೆಯಲ್ಲಿ ಲಿನಕ್ಸ್ ಮೇಲೆ ಎನ್‌ಕರ್ಸಸ್ (ಅಕ್ಷರಗಳ ಪರದೆ ಕಟ್ಟುವ ಲೈಬ್ರರಿ) ಬಳಸಿ ಬರೆದ ಕಪ್ಪು ಪರದೆಯ ಪ್ರೋಗ್ರಾಂ ಇದೆ. ರಾಶಿ, ಬೆಟ್ಟೆ, ಗೊರಬಲು ಎಂದು ಮೂಟೆ ಮೂಟೆಯಾಗಿ ದಾಖಲಿಸುತ್ತೇವೆ. ಗುಡುಗು ಸಿಡಿಲಿನ ದಿನ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ ಅರ್ಧ ತುಂಬಿದ ಪರದೆ ಹೋದಂತೆಯೇ. ನಿಮಿಷಕ್ಕೊಮ್ಮೆ ಪರದೆಯನ್ನು ಫೈಲಿಗೆ ಇಳಿಸಿ, ಯಂತ್ರ ಮತ್ತೆ ಹತ್ತಿದಾಗ ಅದನ್ನೇ ತೋರಿಸಬೇಕು. ಎನ್‌ಕರ್ಸಸ್‌ನಲ್ಲೇ ಇರುವ ಎಸ್‌ಸಿಆರ್-ಡಂಪ್ (ಇಡೀ ಪರದೆ ಉಳಿಸುವುದು) ಸಾಕೇ, ಪುಟ್‌ವಿನ್ (ಒಂದು ವಿಂಡೋ ಉಳಿಸುವುದು) ಒಳ್ಳೆಯದೇ, ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಉಳಿಸಿಕೊಳ್ಳುವ ಪ್ರೋಗ್ರಾಂ) ಸಾಕಾಗುತ್ತದೆಯೇ? ರೈತರ ಹೆಸರುಗಳು ಕನ್ನಡದಲ್ಲಿವೆ ಎಂಬುದನ್ನು ಗಮನದಲ್ಲಿಟ್ಟು ಹೇಳಿ.

ಮೂವತ್ತೆರಡು ಬಿಟ್

ಪುಟ್‌ವಿನ್ ಎಂಬ ಹೆಸರು ಕೇಳಿದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. 2006ರಲ್ಲಿ ಒಂದು ರಕ್ತಪರೀಕ್ಷಾ ಕೇಂದ್ರಕ್ಕೆ ಪ್ರೋಗ್ರಾಂ ಬರೆದುಕೊಟ್ಟೆ. ಪ್ರತಿ ರೋಗಿಯ ಫಲಿತಾಂಶದ ಪುಟವನ್ನು ಪುಟ್‌ವಿನ್ ಮೂಲಕ ಒಂದೊಂದು ಫೈಲಾಗಿ ಇಡುತ್ತಿದ್ದೆ. ಬೇಕಾದಾಗ ಗೆಟ್‌ವಿನ್ ಮೂಲಕ ಓದಿಸಿದರೆ ಪುಟ ಬಣ್ಣ ಸಮೇತ ಎದ್ದು ನಿಲ್ಲುತ್ತಿತ್ತು. ಏಳು ವರ್ಷದಲ್ಲಿ 6,140 ಫೈಲ್‌ಗಳಾದವು. 2013ರಲ್ಲಿ ಹೊಸ 64 ಬಿಟ್ ಯಂತ್ರ ಬಂತು. ಅದರಲ್ಲಿ ಒಂದೇ ಒಂದು ಫೈಲ್ ತೆರೆಯಲಿಲ್ಲ.

ಕಾರಣ ತಿಳಿಯಲು ನನಗೆ ಎರಡು ರಾತ್ರಿ ಬೇಕಾಯಿತು. ಆ ಕಾಲದ ಎನ್‌ಕರ್ಸಸ್ ತನ್ನ ವಿಂಡೋದ ರಚನೆಯನ್ನು ಸ್ಮರಣೆಯಲ್ಲಿ ಹೇಗಿತ್ತೋ ಹಾಗೆಯೇ, ಪಾಯಿಂಟರ್‌ಗಳನ್ನೂ (ಸ್ಮರಣೆಯ ವಿಳಾಸಗಳನ್ನೂ) ಬಿಡದೆ, ಫೈಲಿಗೆ ಸುರಿಯುತ್ತಿತ್ತು. ಪಾಯಿಂಟರ್ ನಾಲ್ಕು ಬೈಟ್‌ನಿಂದ ಎಂಟಾದ ಕೂಡಲೇ ಎಲ್ಲ ಅಳತೆಯೂ ತಪ್ಪಿತು. ವಿಶಾಲ ಅಕ್ಷರದ (ಕನ್ನಡದಂಥ ಲಿಪಿಗಳಿಗೆ ಬೇಕಾದದ್ದು) ಬೆಂಬಲವಿರುವ ಲೈಬ್ರರಿ, ಇಲ್ಲದ ಲೈಬ್ರರಿ ಎಂಬ ಭೇದ ಬೇರೆ. ಕೋಶದ, ಅಂದರೆ ಪರದೆಯ ಒಂದು ಅಕ್ಷರದ ಜಾಗದ, ಗಾತ್ರವೇ ಬೇರೆಯಾದ್ದರಿಂದ ಒಂದರ ಫೈಲನ್ನು ಇನ್ನೊಂದು ಓದುತ್ತಿರಲಿಲ್ಲ. ಕರ್ಸಸ್‌ಗೆ ಇರುವ ಎಕ್ಸ್/ಓಪನ್ ಮಾನದಂಡ ಕೂಡ ಈ ಫೈಲಿನೊಳಗೆ ಏನಿರಬೇಕು ಎಂದು ಒಂದು ಮಾತೂ ಹೇಳುವುದಿಲ್ಲ.

ಹಳೆಯ ಯಂತ್ರದ ಮದರ್‌ಬೋರ್ಡ್‌ನಲ್ಲಿ ಕೆಪ್ಯಾಸಿಟರ್‌ಗಳು ಉಬ್ಬಿದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ ಬೋರ್ಡ್‌ಗೆ 2,800, ರ‍್ಯಾಮ್‌ಗೆ 900 ಕೊಟ್ಟೆ. ಅದೂ ಒಂದು ಸಲಕ್ಕೆ ನಲವತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಒಬ್ಬ ಹುಡುಗ ಪುಟ ತೆರೆಯುವುದು, ಇನ್ನೊಬ್ಬ ನೋಡಿ ಟೈಪ್ ಮಾಡುವುದು. ದಿನಕ್ಕೆ ತಲಾ 350 ರೂಪಾಯಿಯಂತೆ 19 ದಿನಕ್ಕೆ 13,300. ಇಷ್ಟೂ ನನ್ನ ಕೈಯಿಂದ ಹೋಯಿತು. ಆಮೇಲೆ ಬೋರ್ಡ್ ಸತ್ತೇ ಹೋಯಿತು. 2015ರಲ್ಲಿ ಎನ್‌ಕರ್ಸಸ್ 6.0 ಬಂದು ಫೈಲನ್ನು ಓದಬಲ್ಲ ಪಠ್ಯವಾಗಿ ಬದಲಿಸಿತಂತೆ. ಬದಲಿಸಲಿ, ನನಗೆ ಅದು ಎರಡು ವರ್ಷ ತಡವಾಗಿ ಬಂತು.

ನಾಲ್ಕು ಸಾವಿರ ಬೈಟ್

ಇಷ್ಟೆಲ್ಲ ಪಾಡು ಏಕೆ? ಹುಬ್ಬಳ್ಳಿಯಲ್ಲಿ ನಾವು ಡಾಸ್ ಕಾಲದಲ್ಲೇ ಇದನ್ನು ಮಾಡಿ ಮುಗಿಸಿದ್ದೆವು. 80 ಕಾಲಂ, 25 ಸಾಲು, ಒಟ್ಟು 2,000 ಕೋಶ. ಪ್ರತಿ ಕೋಶಕ್ಕೆ ಅಕ್ಷರದ್ದೊಂದು ಬೈಟ್, ಬಣ್ಣದ್ದೊಂದು ಬೈಟ್. ಪರದೆಯ ಸ್ಮರಣೆ ಇರುವ ಬಿ800 ವಿಳಾಸದಿಂದ 4,000 ಬೈಟ್ ಎತ್ತಿ ಫೈಲಿಗೆ ಹಾಕಿದರೆ ಪರದೆ ಉಳಿಯಿತು, ಅಲ್ಲಿಗೇ ವಾಪಸ್ ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಪರದೆ ಬಂತು. ಬೇಸಿಕ್‌ನಲ್ಲಿ ಬಿಸೇವ್ ಎಂಬ ಒಂದೇ ಆಜ್ಞೆ, ಮುಂದೆ ಏಳು ಬೈಟ್‌ನ ತಲೆಬರಹ. 360 ಕೆಬಿ ಫ್ಲಾಪಿಯಲ್ಲಿ 88 ಪರದೆ ಹಿಡಿಸುತ್ತಿದ್ದವು, ಎಣಿಸಿಯೇ ಇಡುತ್ತಿದ್ದೆ.

ಒಮ್ಮೆ ಮಾತ್ರ ಪೆಟ್ಟು ತಿಂದೆ. ಗದಗದ ಶಾಖೆಯಲ್ಲಿ ಫೈಲ್ ತೆರೆದರೆ ಪರದೆ ಬದಲಾಗುತ್ತಲೇ ಇರಲಿಲ್ಲ. ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದೆ, ಮೂರು ಸಲವೂ ಫ್ಲಾಪಿ ಕೆಟ್ಟಿದೆ ಎಂದೇ ಭಾವಿಸಿದ್ದೆ. ಕೊನೆಗೆ ನೋಡಿದರೆ ಅಲ್ಲಿದ್ದುದು ಕಪ್ಪು ಬಿಳುಪು ಕಾರ್ಡು, ಅದರ ಸ್ಮರಣೆ ಇರುವುದು ಬಿ000ದಲ್ಲಿ. ಫೈಲನ್ನು ಮರಳಿ ಸುರಿಯುವ ಬಿಲೋಡ್ ಆಜ್ಞೆಗೆ ನಾವು ವಿಳಾಸ ಹೇಳದಿದ್ದರೆ ಅದು ಫೈಲಿನ ತಲೆಬರಹದಲ್ಲಿರುವ ಹಳೆಯ ವಿಳಾಸಕ್ಕೇ ಸುರಿಯುತ್ತದೆ. ನನ್ನ ಪರದೆ ಯಾರೂ ನೋಡದ ಜಾಗಕ್ಕೆ ಹೋಗಿ ಬೀಳುತ್ತಿತ್ತು. ವಿಳಾಸ ಹೇಳಿದ ಮೇಲೆ ಮತ್ತೆಂದೂ ತೊಂದರೆಯಾಗಲಿಲ್ಲ. ಸರಳವಾದದ್ದೇ ಬಾಳುತ್ತದೆ.

ವಿಸಿಎಸ್ಎ

ನಾಲ್ಕು ಸಾವಿರದವರೇ, ನಿಮ್ಮ ಫೈಲಿನಲ್ಲಿ ಪರದೆಯ ಅಗಲ ಎಲ್ಲಿದೆ? ಕರ್ಸರ್ ಎಲ್ಲಿದೆ? 80 ಕಾಲಂ ಎಂದು ನಿಮಗೆ ಗೊತ್ತು, ಫೈಲಿಗೆ ಗೊತ್ತಿಲ್ಲ. 132 ಕಾಲಂನಲ್ಲಿ ಉಳಿಸಿದ್ದನ್ನು 80ರಲ್ಲಿ ತೆರೆದರೆ ಸಾಲುಗಳೆಲ್ಲ ಓರೆಯಾಗಿ ಜಾರುತ್ತವೆ. ಲಿನಕ್ಸ್ ಕನ್ಸೋಲ್‌ನ ಪರದೆಯನ್ನೇ ಫೈಲಿನಂತೆ ತೋರಿಸುವ ವಿಸಿಎಸ್ಎ ಸಾಧನದಲ್ಲಿ ಮೊದಲ ನಾಲ್ಕು ಬೈಟ್ ಅದಕ್ಕೇ ಮೀಸಲು: ಸಾಲು ಎಷ್ಟು, ಕಾಲಂ ಎಷ್ಟು, ಕರ್ಸರ್ ಯಾವ ಕಾಲಂನಲ್ಲಿ, ಯಾವ ಸಾಲಿನಲ್ಲಿ. ಆಮೇಲೆ ಅದೇ ಅಕ್ಷರ, ಬಣ್ಣದ ಜೋಡಿ. ಕ್ಯಾಟ್ ಆಜ್ಞೆಯಿಂದ ಫೈಲಿಗೆ ಇಳಿಸಿ, ಕ್ಯಾಟ್ ಆಜ್ಞೆಯಿಂದಲೇ ಮರಳಿ ಏರಿಸಬಹುದು. ನಾನು ಹನ್ನೊಂದು ವರ್ಷದಿಂದ ಸರ್ವರ್ ಕೋಣೆಯಲ್ಲಿ ಹೀಗೆಯೇ ಮಾಡುತ್ತಿದ್ದೇನೆ.

ಮೂವತ್ತೆರಡು ಬಿಟ್ ಅವರಿಗೆ ಒಂದು ಮಾತು. ಹಳೆಯ ಯಂತ್ರದಲ್ಲೇ ಗೆಟ್‌ವಿನ್ ಮಾಡಿ, ವಿಂಡೋದಿಂದ ಒಂದೊಂದು ಸಾಲು ಓದಿ ಸಾದಾ ಪಠ್ಯವಾಗಿ ಬರೆಯುವುದಕ್ಕೆ ಇಪ್ಪತ್ತು ಸಾಲಿನ ಪ್ರೋಗ್ರಾಂ ಸಾಕಿತ್ತು. ಹತ್ತೊಂಬತ್ತು ದಿನ ಇಬ್ಬರು ಹುಡುಗರನ್ನು ಕೂರಿಸಿದ್ದು ಲೈಬ್ರರಿಯ ತಪ್ಪಲ್ಲ.

ಮೂವತ್ತೆರಡು ಬಿಟ್

ನಲವತ್ತು ನಿಮಿಷ ನಿಲ್ಲುವ ಯಂತ್ರ, ಅದರಲ್ಲಿ ಕಂಪೈಲರ್ ಇಲ್ಲ, ಪಕ್ಕದಲ್ಲಿ ವೈದ್ಯರು ವರದಿ ಎಲ್ಲಿ ಎಂದು ಕೇಳುತ್ತಾ ನಿಂತಿದ್ದಾರೆ. ಆ ಹೊತ್ತಿನಲ್ಲಿ ನೀವು ಅಲ್ಲಿರಲಿಲ್ಲ. ಹನ್ನೆರಡು ವರ್ಷದ ಮೇಲೆ ಇಪ್ಪತ್ತು ಸಾಲು ಎನ್ನುವುದು ಸುಲಭ. ನಿಮ್ಮ ವಿಸಿಎಸ್ಎ ಕಥೆಯನ್ನೂ ಪೂರ್ತಿ ಹೇಳಿ: ಅದರಲ್ಲಿ ಉಳಿಯುವುದು ಅಕ್ಷರವಲ್ಲ, ಫಾಂಟಿನಲ್ಲಿರುವ ಆಕೃತಿಯ ಕ್ರಮಸಂಖ್ಯೆ. ಆ ಕನ್ಸೋಲಿನ ಫಾಂಟಿಗೆ 512 ಆಕೃತಿಗಳ ಮಿತಿ. ಕನ್ನಡ ಅಲ್ಲಿ ಮೂಡುವುದೇ ಇಲ್ಲ, ಕೇಳಿದವರ ಮೊದಲ ಷರತ್ತೇ ಕನ್ನಡ.

ವಿಸಿಎಸ್ಎ

ಲಿನಕ್ಸ್ 4.19ರಿಂದ ವಿಸಿಎಸ್‌ಯು ಇದೆ, ಅದರಲ್ಲಿ ಯುನಿಕೋಡ್ ಬೆಲೆಯೇ ಸಿಗುತ್ತದೆ. ಕನ್ನಡ ಆ ಕನ್ಸೋಲಿನಲ್ಲಿ ಮೂಡುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಅಚ್ಚುಮೊಳೆ

ಕನ್ನಡ ಮೂಡುವುದಿಲ್ಲ ಎಂದು ಬಾಯಿ ಮಾತಿಗೆ ಹೇಳಬೇಡಿ. ವಿಜಿಎ ಪರದೆಯಲ್ಲಿ ನಾವು ಮೂಡಿಸಿದ್ದೇವೆ. 256 ಆಕೃತಿಗಳಲ್ಲಿ ಕೆಳಗಿನ 128 ಇಂಗ್ಲಿಷಿಗೆ ಬಿಟ್ಟು, ಮೇಲಿನ 128ರಲ್ಲಿ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಕೆತ್ತಿದೆ. ಒಂದೊಂದೂ ಎಂಟು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರ. 'ಳ' ಒಂದಕ್ಕೇ ನಾಲ್ಕು ಸಂಜೆ ಹಿಡಿಯಿತು. ಎಂಟು ಚುಕ್ಕಿಯಲ್ಲಿ ಅದರ ಸುರುಳಿ ಕೂರುತ್ತಲೇ ಇರಲಿಲ್ಲ. ಬರೀ 4,000 ಬೈಟ್ ಉಳಿಸಿದ್ದರೆ ಇಂದು ಅದು ಗೀಚುಗೀಚಾಗಿ ಕಾಣುತ್ತಿತ್ತು, ಏಕೆಂದರೆ ಫಾಂಟ್ ಫೈಲಿನೊಳಗಿಲ್ಲ. ನಾನು 1996ರಲ್ಲಿ ಬಂದ, ಫಾಂಟನ್ನೂ ಒಳಗೇ ಇಡುವ ಎಕ್ಸ್‌ಬಿನ್ ಎಂಬ ಫೈಲ್ ಮಾದರಿ ಹಿಡಿದೆ. ತಲೆಬರಹ ಹನ್ನೊಂದು ಬೈಟ್, ಅದರಲ್ಲೇ ಅಗಲ ಎತ್ತರ ಎರಡೂ ಇವೆ. ಬಣ್ಣದ ಪಟ್ಟಿಗೆ 48, ಫಾಂಟಿಗೆ 4,096. ಕಳೆದ ತಿಂಗಳು ತೆರೆದು ನೋಡಿದೆ. ನನ್ನ 'ಳ' ಹಾಗೆಯೇ ಇದೆ.

ಎರಡನೆಯ ಪಾಳಿ

ನೀವೆಲ್ಲ ಫೈಲಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಕೀಲಿಮಣೆಯ ಮುಂದೆ ಕುಳಿತವಳ ಮಾತನ್ನೂ ಕೇಳಿ. ನಾನು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ನಮೂದಿನ ಕೆಲಸ ಮಾಡುತ್ತಿದ್ದೆ. ಅಲ್ಲಿ ಇದೇ ಏರ್ಪಾಡು ಇತ್ತು: ಎಸ್‌ಸಿಆರ್-ಡಂಪ್ ನಿಮಿಷಕ್ಕೊಮ್ಮೆ, ಮತ್ತೆ ಹತ್ತಿದಾಗ ಎಸ್‌ಸಿಆರ್-ರಿಸ್ಟೋರ್. ಒಂದು ರಾತ್ರಿ 41 ಚೀಲ ದಾಖಲಿಸಿದ ಮೇಲೆ ಕರೆಂಟ್ ಹೋಯಿತು. ಹತ್ತು ನಿಮಿಷಕ್ಕೆ ಬಂತು, ಪರದೆಯೂ ಬಂತು. ನಲವತ್ತೊಂದೂ ಸಾಲು ಕಣ್ಣ ಮುಂದೆ ಇವೆ, ಕೆಳಗೆ ಒಟ್ಟು ತೂಕವೂ ಇದೆ. ನಾನು ನೆಮ್ಮದಿಯಿಂದ ನಲವತ್ತೆರಡನೆಯದನ್ನು ಹೊಡೆದು ಬಿಲ್ ತೆಗೆದೆ. ಬಿಲ್ಲಿನಲ್ಲಿ ಒಂದೇ ಚೀಲ.

ಪರದೆ ಎಂದರೆ ಚಿತ್ರ. ಪ್ರೋಗ್ರಾಂನ ಲೆಕ್ಕ ಅದರ ಸ್ಮರಣೆಯಲ್ಲಿತ್ತು, ಅದು ಸೊನ್ನೆಯಿಂದ ಶುರುವಾಗಿತ್ತು. ಲಾರಿ ಹೊರಟುಹೋಗಿತ್ತು. ವ್ಯತ್ಯಾಸವನ್ನು ಮೂರು ತಿಂಗಳು ನನ್ನ ಸಂಬಳದಲ್ಲಿ ಮುರಿದುಕೊಂಡರು, ತಿಂಗಳಿಗೆ 1,500. ಬರೆದವರು ಬಂದು "ಪರದೆ ಸರಿಯಾಗಿಯೇ ಬಂದಿದೆಯಲ್ಲ, ಮೇಡಂ" ಎಂದರು. ಹೌದು, ಸರಿಯಾಗಿಯೇ ಬಂದಿತ್ತು. ಅದಕ್ಕೇ ನಾನು ನಂಬಿದ್ದು. ಖಾಲಿ ಪರದೆ ಬಂದಿದ್ದರೆ ಮೊದಲಿನಿಂದ ಹೊಡೆಯುತ್ತಿದ್ದೆ.

ಬಣ್ಣವೂ ಹಾಗೆಯೇ ಆಯಿತು. ಆ ಫೈಲಿನಲ್ಲಿ ಇರುವುದು ಬಣ್ಣದ ಜೋಡಿಯ (ಅಕ್ಷರದ ಬಣ್ಣ, ಹಿನ್ನೆಲೆಯ ಬಣ್ಣ) ಸಂಖ್ಯೆ, ಬಣ್ಣವಲ್ಲ. ಹೊಸ ಆವೃತ್ತಿಯಲ್ಲಿ ಮೂರನೆಯ ಜೋಡಿಯನ್ನು ಕೆಂಪಿನಿಂದ ಹಸಿರು ಮಾಡಿದ್ದರು. ಹಳೆಯ ಡಂಪ್ ತೆರೆದಾಗ ಬಾಕಿ ಇದ್ದವರೆಲ್ಲ ಹಸಿರಾಗಿ, ಪಾವತಿಸಿದವರಂತೆ ಕಂಡರು.

ಹರಿವು

ಎರಡನೆಯ ಪಾಳಿಯವರ ನೋವು ಅರ್ಥವಾಗುತ್ತದೆ. ಆದರೆ ಗಳಿಗೆಯ ಚಿತ್ರ ಹಿಡಿಯುವುದೇ ತಪ್ಪು ದಾರಿ, ಟರ್ಮಿನಲ್ಲಿಗೆ ಬರುವ ಹರಿವನ್ನೇ ಹಿಡಿಯಬೇಕು. ನಾನು ಮೊದಲು ಟಿಮಕ್ಸ್ ನಂಬಿದೆ. ಅದರಲ್ಲಿ ಪರದೆ ಉಳಿಸುವ ಕ್ಯಾಪ್ಚರ್-ಪೇನ್ ಆಜ್ಞೆಗೆ '-ಇ' ಕೊಡದೆ ಆರು ತಿಂಗಳು ಉಳಿಸಿದ್ದರಲ್ಲಿ ಬಣ್ಣವೇ ಇರಲಿಲ್ಲ. ಮೇಲಕ್ಕೆ ಸರಿದುಹೋದ ಸಾಲುಗಳ ಮಿತಿ ತಾನಾಗಿ 2,000, ಅದರ ಮೇಲಿನದೆಲ್ಲ ಹೋಗಿತ್ತು. ಅಲ್ಲದೆ ಕರೆಂಟ್ ಹೋದರೆ ಟಿಮಕ್ಸ್ ಕೂಡ ಹೋಗುತ್ತದೆ. ಸಂಪರ್ಕ ಕಡಿದರೆ ಮಾತ್ರ ಅದು ಕಾಯುತ್ತದೆ. ಅದಕ್ಕೇ ಟರ್ಮಿನಲ್ಲನ್ನು ದಾಖಲಿಸುವ ಆಸ್ಕಿನೆಮಾಕ್ಕೆ ಬಂದೆ. ಮೊದಲ ಸಾಲಿನಲ್ಲಿ ಅಗಲ, ಎತ್ತರ. ಆಮೇಲೆ ಸಾಲಿಗೊಂದು ಘಟನೆ: ಎಷ್ಟು ಹೊತ್ತಿಗೆ, ಏನು ಮೂಡಿತು. ಸಾಲು ಸಾಲಾಗಿ ಬರೆಯುವುದರಿಂದ ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಎಂಟು ಗಂಟೆಯ ಪಾಳಿ ಪೂರ್ತಿ ನನ್ನ ಬಳಿ ಇದೆ.

ವಿಸಿಎಸ್ಎ

ಕೊನೆಯ ಪರದೆ ಬೇಕಾದರೆ ಎಂಟು ಗಂಟೆಯ ಹರಿವನ್ನೂ ಮೊದಲಿನಿಂದ ಟರ್ಮಿನಲ್ಲಿಗೆ ಉಣಿಸಬೇಕು. ಎರಡನೆಯ ಪಾಳಿಯವರ 41 ಚೀಲ ಆಗಲೂ ಚಿತ್ರವಾಗಿಯೇ ಬರುತ್ತದೆ, ಲೆಕ್ಕವಾಗಿ ಅಲ್ಲ. ನೀವು ಅವರ ಮಾತನ್ನು ಓದಲೇ ಇಲ್ಲ.

ಹರಿವು

ಓದಿದ್ದೇನೆ. ಕೀಲಿ ಒತ್ತಿದ್ದನ್ನೂ ದಾಖಲಿಸುವ ಆಯ್ಕೆ ಇದೆ. ಒತ್ತಿದ್ದನ್ನೇ ಪ್ರೋಗ್ರಾಂಗೆ ಮತ್ತೆ ಉಣಿಸಿದರೆ ಲೆಕ್ಕವೂ ಬರುತ್ತದೆ.

ಎರಡನೆಯ ಪಾಳಿ

ನಾನು ಒತ್ತಿದ್ದೆಲ್ಲವನ್ನೂ, ಪಾಸ್‌ವರ್ಡ್ ಸಮೇತ? ಪರದೆಯ ಮೇಲೆ ಪಾಸ್‌ವರ್ಡ್ ಮೂಡುವುದಿಲ್ಲ, ಕೀಲಿಯ ದಾಖಲೆಯಲ್ಲಿ ಮೂಡುತ್ತದೆ. ದಯವಿಟ್ಟು ಇಂಥ ಸಲಹೆಯನ್ನು ಇನ್ನೊಬ್ಬರ ಕೀಲಿಮಣೆಗೆ ಕೊಡಬೇಡಿ.

ಅಚ್ಚುಮೊಳೆ

ಕನ್ನಡದ ಮಾತು ಮತ್ತೆ ಹಿಂದೆ ಬಿತ್ತು. ಸಾಗರದವರೇ, ನಿಮ್ಮ ಕೋಷ್ಟಕದ ಬಲ ಅಂಚಿನ ಗೆರೆ ಕೆಲವು ಹೆಸರುಗಳ ಮುಂದೆ ಮಾತ್ರ ಸರಿಯುತ್ತದೆಯೇ? ಯುನಿಕೋಡ್ ಪಟ್ಟಿಯಲ್ಲಿ ಗುಡಿಸು ಜಾಗ ಹಿಡಿಯದ ಗುರುತು, ಕೊಂಬು ಮತ್ತು ಇಳಿ ಜಾಗ ಹಿಡಿಯುವ ಗುರುತುಗಳು. ಹಾಗಾಗಿ ಹಲವು ಕಡೆ 'ಕಿ'ಗೆ ಒಂದು ಕೋಶ, 'ಕು'ಗೆ ಎರಡು. ಗಿರಿಜಾ ಎಂದರೆ ನಾಲ್ಕು, ಪುಟ್ಟಪ್ಪ ಎಂದರೆ ಆರು. ಎಲ್ಲ ಟರ್ಮಿನಲ್‌ಗಳೂ ಈ ಎಣಿಕೆಯನ್ನು ಒಪ್ಪುವುದಿಲ್ಲ. ಎನ್‌ಕರ್ಸಸ್ ಒಂದು ಕೋಶಕ್ಕೆ ಒಟ್ಟು ಐದು ಸಂಕೇತಗಳನ್ನಷ್ಟೇ ಹಿಡಿಯುತ್ತದೆ ಎಂಬುದೂ ನೆನಪಿರಲಿ. ಫೈಲ್ ಸರಿಯಾಗಿದ್ದರೂ ಬೇರೆ ಟರ್ಮಿನಲ್‌ನಲ್ಲಿ ಗೆರೆ ಜಾರಿದರೆ ಫೈಲನ್ನು ದೂರಬೇಡಿ.

ನಾಲ್ಕು ಸಾವಿರ ಬೈಟ್

ನಮ್ಮ ಕಾಲದಲ್ಲಿ ಅಕ್ಷರಕ್ಕೊಂದು ಕೋಶ, ಇಂಥ ಜಗಳವೇ ಇರಲಿಲ್ಲ.

ಅಚ್ಚುಮೊಳೆ

ನಿಮ್ಮ ಕಾಲದ ಆ ಕೋಶದಲ್ಲಿ ಕನ್ನಡವೂ ಇರಲಿಲ್ಲ, ಸ್ವಾಮಿ.

ತೂಕದ ಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಪುಟ್‌ವಿನ್ ಮಾಡಿ ಆ ಫೈಲನ್ನು ಎಡಿಟರ್‌ನಲ್ಲಿ ತೆರೆದೆ. ಮೊದಲು ನಾಲ್ಕು ವಿಚಿತ್ರ ಬೈಟ್, ನಾಲ್ಕೂ ಹದಿನಾರರ ಲೆಕ್ಕದಲ್ಲಿ 88. ಪಕ್ಕದಲ್ಲೇ ಎನ್‌ಕರ್ಸಸ್ ಆವೃತ್ತಿಯ ಹೆಸರು. ಆಮೇಲೆ ಕರ್ಸರ್ ಎಲ್ಲಿದೆ, ಕೊನೆಯ ಸಾಲು 23, ಕೊನೆಯ ಕಾಲಂ 79 ಎಂದೆಲ್ಲ ಓದಬಲ್ಲ ಸಾಲುಗಳು. ಕೆಳಗೆ ಪ್ರತಿ ಸಾಲಿಗೂ ಅಂಕಿ ಹಾಕಿ ಪರದೆ. ಏಳನೆಯ ಸಾಲಿನಲ್ಲಿ ತೂಕದ ಅಂಕಿ ಕಣ್ಣಿಗೆ ಕಂಡಿತು, ರೈತರ ಹೆಸರಿನಂಥ ಕನ್ನಡ ಅಕ್ಷರಗಳು ಮಾತ್ರ ಯುನಿಕೋಡ್ ಸಂಖ್ಯೆಗಳಾಗಿದ್ದವು. ಅಚ್ಚುಮೊಳೆಯವರು ಹೇಳಿದಂತೆ ಪರದೆಯಲ್ಲಿ ಪುಟ್ಟಪ್ಪನವರ ಸಾಲಿನಲ್ಲೇ ಗೆರೆ ಸರಿದಿದೆ.

ಆಮೇಲೆ ಪ್ಲಗ್ ಕಿತ್ತು ನೋಡಿದೆ. ಎರಡು ಸಲ ಪರದೆ ಬಂತು. ಮೂರನೆಯ ಸಲ ಫೈಲ್ ಸೊನ್ನೆ ಬೈಟ್ ಆಗಿತ್ತು. ಬರೆಯುತ್ತಿರುವಾಗಲೇ ಕಿತ್ತಿದ್ದೆ ಎಂದು ಕಾಣುತ್ತದೆ. ಈಗ ಬೇರೆ ಹೆಸರಿಗೆ ಬರೆದು, ಡಿಸ್ಕಿಗೆ ಪೂರ್ತಿ ಇಳಿಸಿ, ಆಮೇಲೆ ಹೆಸರು ಬದಲಿಸುತ್ತಿದ್ದೇನೆ. ಎರಡನೆಯ ಪಾಳಿಯವರ ಮಾತಿನಿಂದಾಗಿ ಮೂಟೆಗಳ ಲೆಕ್ಕವನ್ನು ಪ್ರತ್ಯೇಕ ಫೈಲಿಗೆ ಪ್ರತಿ ನಮೂದಿಗೂ ಬರೆಯುತ್ತಿದ್ದೇನೆ. ಪರದೆಯನ್ನು ಆ ಲೆಕ್ಕದಿಂದಲೇ ಮತ್ತೆ ಕಟ್ಟುತ್ತೇನೆ. ಡಂಪ್ ಇರುವುದು ಕರೆಂಟ್ ಹೋದಾಗ ಏನು ಕಾಣುತ್ತಿತ್ತು ಎಂದು ಹೋಲಿಸಿ ನೋಡುವುದಕ್ಕೆ ಮಾತ್ರ.

ವಿಸಿಎಸ್ಎ

ಮೂವತ್ತೆರಡು ಬಿಟ್ ಅವರೇ, ನಿನ್ನೆ ಒರಟಾಗಿ ಮಾತನಾಡಿದೆ. ಆ ಫೈಲ್‌ಗಳು ಇನ್ನೂ ಇವೆಯೇ? ಇಂದಿನ ಯಂತ್ರದಲ್ಲಿಯೂ 32 ಬಿಟ್‌ನ ಹಳೆಯ ಲೈಬ್ರರಿ ಹಾಕಿ ಅವುಗಳನ್ನು ತೆರೆಯಬಹುದು. ಹಳೆಯ ಬೋರ್ಡ್ ಬೇಕಿಲ್ಲ.

ಮೂವತ್ತೆರಡು ಬಿಟ್

ಡಿಸ್ಕ್ ಬೀರುವಿನಲ್ಲಿದೆ. 1,206 ಫೈಲ್‌ಗಳನ್ನು ಹುಡುಗರು ಮುಟ್ಟಿಯೇ ಇರಲಿಲ್ಲ. ಎನ್‌ಕರ್ಸಸ್ 5.5, ವಿಶಾಲ ಅಕ್ಷರದ ಬೆಂಬಲ ಇಲ್ಲದ್ದು. ಆ ಇಪ್ಪತ್ತು ಸಾಲು ಕಳುಹಿಸಿ.