‘ರಸಸಾರ’ ಕುಸಿದರೆ ಹೋಗುವುದು ಏನು?

ಗೆಳೆಯರೇ,

ಅಸ್ಸಾಮಿನ ಮಾರ್ಗೆರಿಟಾ ಸುತ್ತಮುತ್ತಲ ಮಾಕುಮ್ ಕಲ್ಲಿದ್ದಲು ಗಣಿಗಳಲ್ಲಿ ಅಗೆದು ಸುರಿದ ರಾಶಿಗಳ ಮೇಲೆ ಮತ್ತೆ ಗಿಡ ಬೆಳೆಸುವ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ಪಿಎಚ್, ಅಂದರೆ ಮಣ್ಣು, ನೀರು ಎಷ್ಟು ಹುಳಿ ಎಂದು ಹೇಳುವ ಅಳತೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ಕೃಷಿ ಬರಹಗಳಲ್ಲಿ ಇದಕ್ಕೆ ‘ರಸಸಾರ’ ಎನ್ನುತ್ತಾರೆ. ನಾನೂ ‘ರಾಶಿಯ ರಸಸಾರ 3ಕ್ಕೆ ಕುಸಿದಿದೆ’ ಎಂದು ಬರೆದೆ. ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇಟ್ಟುಕೊಂಡಿರುವ ನಮ್ಮ ಭಾವ ಕರಡು ಓದಿ, ‘ಸಾರ ಹೋಗಿದ್ರೆ ಗೊಬ್ಬರ ಹಾಕಿದ್ರಾಯ್ತಲ್ಲ?’ ಅಂದರು. ಅವರೇ ತೋಟಕ್ಕೆ ಸುಣ್ಣ ಹಾಕುವವರು! ಆದರೆ ಅವರ ಬಾಯಲ್ಲಿ ಅದು ‘ಮಣ್ಣು ಹುಳಿಯಾಗಿದೆ’, ರಸಸಾರವಲ್ಲ. ಕನ್ನಡಿಗರಿಗೆ ‘ಸಾರ’ ಎಂದರೆ ಸತ್ವ. ಹಾಗಾಗಿ ಸಂಖ್ಯೆ ಇಳಿದರೆ ಸತ್ವ ಇಳಿಯಿತು ಎಂದೇ ಓದಿಕೊಳ್ಳುತ್ತಾರೆ. ನಿಜದಲ್ಲಿ ಅಲ್ಲಿ ಏರಿರುವುದು ಹುಳಿ. ಅದೂ 6ರಿಂದ 3ಕ್ಕೆ ಇಳಿದರೆ ಸಾವಿರ ಪಟ್ಟು!

ಈ ಗಣಿಗಳ ವಿಷಯದಲ್ಲಿ ಈ ತಪ್ಪು ಸಣ್ಣದಲ್ಲ. ಜಾರ್ಖಂಡ್, ಬಂಗಾಳದ ಝರಿಯಾ, ರಾಣಿಗಂಜ್‌ಗಳ ಹಳೆಯ ‘ಗೊಂಡ್ವಾನಾ’ ಪದರಗಳ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ 1%ಕ್ಕಿಂತ ಕಡಿಮೆ, ಈಶಾನ್ಯದ ಕಲ್ಲಿದ್ದಲಿನಲ್ಲಿ ಬಹಳ ಹೆಚ್ಚು. ಅದರ ಒಂದು ಪಾಲು ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜದ ರೂಪದಲ್ಲಿರುತ್ತದೆ. (ಇದಕ್ಕೆ ‘ಕಾಗೆಬಂಗಾರ’ ಎಂದು ಯಾರೋ ಸೂಚಿಸಿದ್ದರು. ಬೇಡ, ಕಾಗೆಬಂಗಾರವೆಂದರೆ ಅಭ್ರಕ.) ನೆಲದೊಳಗೆ ಮುಚ್ಚಿಕೊಂಡಿದ್ದ ಪೈರೈಟ್‌ಗೆ ಗಾಳಿ, ಮಳೆನೀರು ತಾಗಿದ್ದೇ ಗಂಧಕಾಮ್ಲ ಹುಟ್ಟುತ್ತದೆ. ಕಬ್ಬಿಣವನ್ನು ಉಂಡು ಬದುಕುವ ಬ್ಯಾಕ್ಟೀರಿಯಾಗಳು ಆ ಕೆಲಸವನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಹುಳಿ ಏರಿದಂತೆ ಮಣ್ಣಿನಲ್ಲಿ ಕಲ್ಲಾಗಿ ಕುಳಿತಿದ್ದ ಅಲ್ಯೂಮಿನಿಯಂ ಕರಗಿ ಎಳೆ ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಗಿಡದ ಆಹಾರವಾದ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂಗಳ ಜೊತೆ ಗಂಟುಬಿದ್ದು ಗಿಡಕ್ಕೆ ದಕ್ಕುವುದಿಲ್ಲ. ಇಂಥಲ್ಲಿ ಬರೀ ಗೊಬ್ಬರ ಸುರಿದರೆ ಅದರ ರಂಜಕಕ್ಕೂ ಅದೇ ಗತಿ. ಬೇಕಾದದ್ದು ಹುಳಿ ಮುರಿಯುವ ಸುಣ್ಣ. ಲೆಕ್ಕದ ಪ್ರಕಾರ ಸಾವಿರ ಟನ್ ರಾಶಿಯಲ್ಲಿ ಪೈರೈಟ್ ರೂಪದ ಗಂಧಕ 1% ಇದ್ದರೆ ಸುಮಾರು 31 ಟನ್ ಸುಣ್ಣಕಲ್ಲಿನ ಪುಡಿ ಬೇಕು.

‘ಹುಳಿಮಟ್ಟ’ ಎಂದು ಹೊಸ ಪದ ಕಟ್ಟಿ ನೋಡಿದೆ. ‘ಹುಳಿಮಟ್ಟ 8’ ಎಂದರೆ ಹುಳಿ ಜಾಸ್ತಿ ಎಂದು ಕೇಳಿಸುತ್ತದೆ, ಆದರೆ ಪಿಎಚ್ 8 ಎಂದರೆ ಹುಳಿಯೇ ಇಲ್ಲ. ಮತ್ತೆ ತಲೆಕೆಳಗು! 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಪಿಎಚ್ ಅಳತೆಯನ್ನು ತಂದರು. ಅವರ ‘ಪಿ’ಗೆ ಏನರ್ಥ ಎಂಬ ಜಗಳ ಅಲ್ಲೂ ತೀರಿಲ್ಲ. ಸದ್ಯಕ್ಕೆ ನಾನು ಸಂಖ್ಯೆ ಬಂದಲ್ಲಿ ‘ಪಿಎಚ್’, ಮಾತಿನಲ್ಲಿ ‘ಹುಳಿ ಏರಿದೆ, ಹುಳಿ ಮುರಿಯಬೇಕು’ ಎಂದು ಇಟ್ಟುಕೊಂಡಿದ್ದೇನೆ. ರಸಸಾರವನ್ನು ಬಿಟ್ಟಿದ್ದಕ್ಕೆ ಕೃಷಿ ಪದವೀಧರರು ಬೈದರೆ ಬೈಸಿಕೊಳ್ಳುವೆ.

ಎರಡನೆಯದು ಓವರ್‌ಬರ್ಡನ್. ಕಲ್ಲಿದ್ದಲಿನ ಪದರದ ಮೇಲಿರುವ ಬಂಡೆ, ಜೇಡಿಗಲ್ಲು, ಮರಳುಗಲ್ಲು ಎಲ್ಲ ಸೇರಿ ಇದು. ಹಿಂದಿ ಸೀಮೆಯ ಗಣಿಗಳಲ್ಲಿ ಬರೀ ‘ಓಬಿ’ ಅನ್ನುತ್ತಾರೆ. ಒಂದು ಅನುವಾದದಲ್ಲಿ ಇದನ್ನು ‘ಮೇಲ್ಮಣ್ಣು’ ಮಾಡಿದ್ದು ಕಂಡು ಗಾಬರಿಯಾಯಿತು. ಮೇಲ್ಮಣ್ಣೆಂದರೆ ಬೀಜ, ಜೀವಾಣು, ಸಾವಯವ ಅಂಶಗಳಿರುವ ಅಂಗೈ ಆಳದ ಪದರ. ಅದನ್ನು ಮೊದಲೇ ಬೇರೆಯಾಗಿ ಕೆರೆದಿಟ್ಟು, ಕೊನೆಗೆ ರಾಶಿಯ ಮೇಲೆ ಹರಡಬೇಕು. ಅದನ್ನು ಕಲ್ಲಿನೊಂದಿಗೆ ಕಲಸಿಬಿಟ್ಟರೆ ಗಿಡದ ಮಾತೇ ಮುಗಿಯಿತು. ‘ಮೇಲ್ಹೊರೆ’ ಎಂದರೆ ಯಾರಿಗೂ ತಿಳಿಯದು. ಕೋಲಾರದ ‘ಸೈನೈಡ್ ಗುಡ್ಡ’ದ ಮಾದರಿಯೂ ಒಗ್ಗದು, ಅದು ಚಿನ್ನ ತೆಗೆದುಳಿದ ಪುಡಿ.

‘ಹೊರಚೆಲ್ಲು’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಬಾವಿ ತೋಡುವಾಗ, ಕಲ್ಲು ಕ್ವಾರಿಯ ಬದಿಗೆ ಸುರಿಯುವಾಗ ಆ ಬೇಡದ ರಾಶಿಗೆ ನಿಮ್ಮೂರಲ್ಲಿ ಏನೆನ್ನುತ್ತಾರೆ?