ಅಮ್ಮನನ್ನು ಇನ್ನೂ ಮನೆಯಲ್ಲೇ ನೋಡಿಕೊಳ್ಳಬಹುದಾ? – ಸಿಸ್ಟರ್ ಹತ್ತಿರ ಕೇಳಿ

ಪ್ರಶ್ನೆ (ಬೆಂಗಳೂರಿನಲ್ಲಿರುವ ಸದಸ್ಯೆ):

ನಮಸ್ಕಾರ ಸಿಸ್ಟರ್. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಅಮ್ಮನಿಗೆ 81. ಅಣ್ಣ ಅತ್ತಿಗೆ ಜೊತೆ ಇದ್ದಾರೆ. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದು, ಮಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಬಿಪಿ, ಶುಗರ್ ಎರಡೂ ಇದೆ. ಕಳೆದ ಮಳೆಗಾಲದಿಂದ ಮರೆವು ಜಾಸ್ತಿ. ರಾತ್ರಿ ಎದ್ದು "ಮನೆಗೆ ಹೋಗ್ಬೇಕು" ಅನ್ನುತ್ತಾರಂತೆ, ಇರೋದು ಮನೆಯಲ್ಲೇ. ಅತ್ತಿಗೆ ಮೊನ್ನೆ ಫೋನಿನಲ್ಲಿ "ಇನ್ನು ನನ್ನಿಂದ ಆಗ್ಲಿಕ್ಕಿಲ್ಲ" ಅಂದರು. ಅಣ್ಣ "ಅಷ್ಟೆಲ್ಲ ಏನೂ ಇಲ್ಲ" ಅನ್ನುತ್ತಾನೆ. ನಾನು ದೀಪಾವಳಿಗೆ ನಾಲ್ಕು ದಿನ ಬಂದಿದ್ದೆ. ಅಮ್ಮ ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು. ನರ್ಸಿಂಗ್ ಹೋಮಿಗೆ ಸೇರಿಸುವ ಹಂತ ಬಂತಾ? ಅದನ್ನು ಅಳೆಯುವ ಪರೀಕ್ಷೆ ಏನಾದರೂ ಇದೆಯಾ?

ಉತ್ತರ (ಸಿಸ್ಟರ್):

ಮೊದಲು ಒಂದು ಪದ ಸರಿ ಮಾಡಿಕೊಳ್ಳೋಣ. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಜ್ವರಕ್ಕೋ ಸೇರುವ ಸಣ್ಣ ಆಸ್ಪತ್ರೆ. ನೀವು ಕೇಳುತ್ತಿರುವುದು ಹಗಲು ರಾತ್ರಿ ನರ್ಸ್ ಇದ್ದು, ತಿಂಗಳುಗಟ್ಟಲೆ ಉಳಿಯುವ ಜಾಗ. ವೃದ್ಧಾಶ್ರಮ ಬೇರೆಯದೇ. ಬಹಳಷ್ಟು ವೃದ್ಧಾಶ್ರಮದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಇದನ್ನು ವಿಚಾರಿಸದೆ ಹಣ ಕಟ್ಟಿ ಬಂದವರನ್ನು ನೋಡಿದ್ದೇನೆ.

ನಿಮ್ಮ ಮನೆಯಲ್ಲಿ ಮೂವರು ಮೂರು ಥರ ಹೇಳುತ್ತಿದ್ದೀರಿ. ಮೂವರೂ ಸುಳ್ಳು ಹೇಳುತ್ತಿಲ್ಲ. ನೀವು ನೋಡಿದ್ದು ಹಬ್ಬದ ಅಮ್ಮನನ್ನು. ಅಣ್ಣ ನೋಡುವುದು ಊಟದ ಹೊತ್ತಿನ ಅಮ್ಮನನ್ನು. ರಾತ್ರಿ ಎರಡು ಗಂಟೆಯ ಅಮ್ಮ ಅತ್ತಿಗೆಗೆ ಮಾತ್ರ ಗೊತ್ತು.

ನಾನೂ ಹೀಗೆ ಮೋಸ ಹೋಗಿದ್ದೇನೆ. ಪಾಲಿಯೇಟಿವ್ ಕೆಲಸಕ್ಕೆ, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸಕ್ಕೆ, ಸೇರಿದ ಹೊಸತು. ಮುಳ್ಳೇರಿಯ ಕಡೆಯ ಒಂದು ಮನೆಗೆ ಬೆಳಿಗ್ಗೆ ಹತ್ತಕ್ಕೆ ಹೋಗಿದ್ದೆ. ಅಜ್ಜಿ ಚಾವಡಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಊರು ಯಾವುದು, ಯಾರ ಮಗಳು, ಎಲ್ಲ ವಿಚಾರಿಸಿದರು. ಸೊಸೆಗೆ "ಇವಳಿಗೆ ಮಜ್ಜಿಗೆ ಕೊಡು" ಅಂದರು. ನಾನು ಫಾರ್ಮಿನಲ್ಲಿ ಎಲ್ಲದಕ್ಕೂ ಸರಿ ಗುರುತು ಹಾಕಿದೆ. ಹೊರಡುವಾಗ ಸೊಸೆ ಮೆಟ್ಟಿಲ ತನಕ ಬಂದು ಬಲಗೈ ಮುಂದೆ ಹಿಡಿದರು. ಮಣಿಕಟ್ಟಿನ ಸುತ್ತ ಕೆಂಪು ಗೆರೆ. ರಾತ್ರಿ ಅಜ್ಜಿಯ ಸೆರಗಿಗೆ ಹಗ್ಗದ ಒಂದು ತುದಿ, ತನ್ನ ಕೈಗೆ ಇನ್ನೊಂದು ತುದಿ ಕಟ್ಟಿಕೊಂಡು ಮಲಗುತ್ತಿದ್ದರಂತೆ. ಮನೆಯ ಹಿಂದೆಯೇ ತೋಟದ ಕೆರೆ. ನಾನು ವಾಪಸ್ ಒಳಗೆ ಹೋಗಿ ಕೂತೆ.

ಈಗ ಪರೀಕ್ಷೆಯ ವಿಷಯ. 1963ರಲ್ಲಿ ಸಿಡ್ನಿ ಕಾಟ್ಜ್ ಅನ್ನುವ ಅಮೆರಿಕದ ಡಾಕ್ಟರ್ ಮತ್ತು ಅವರ ಜೊತೆಯವರು ಪ್ರಕಟಿಸಿದ ಒಂದು ಅಳತೆ ಇವತ್ತಿಗೂ ಬಳಕೆಯಲ್ಲಿದೆ. ಆರೇ ಆರು ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಕಕ್ಕಸಿಗೆ ಹೋಗಿ ಬರುವುದು, ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂರುವುದು, ಮಲಮೂತ್ರದ ಹಿಡಿತ, ಕೈಯಾರೆ ಉಣ್ಣುವುದು. ತಾನೇ ಮಾಡಿದರೆ ಒಂದು ಅಂಕ, ಇನ್ನೊಬ್ಬರು ಬೇಕಾದರೆ ಸೊನ್ನೆ. ಸಾಮಾನ್ಯವಾಗಿ ಮೊದಲು ಕೈಬಿಡುವುದು ಸ್ನಾನ, ಕೊನೆಗೆ ಕೈಬಿಡುವುದು ಊಟ. ಆದ್ದರಿಂದ "ಗಂಜಿ ಚೆನ್ನಾಗಿ ಉಣ್ಣುತ್ತಾರೆ" ಅನ್ನುವ ಸಮಾಧಾನ ದೊಡ್ಡ ಸಮಾಧಾನ ಏನಲ್ಲ.

ಕೇಳುವ ರೀತಿಯಲ್ಲೇ ಎಲ್ಲ ಇದೆ. "ಅಮ್ಮ ಸ್ನಾನ ಮಾಡ್ತಾರಾ?" ಅಂದರೆ ಮಾಡ್ತಾರೆ ಅನ್ನುವ ಉತ್ತರವೇ ಬರುತ್ತದೆ. ನಿನ್ನೆ ಏನಾಯಿತು ಅಂತ ಕೇಳಿ. ಹಂಡೆಯಿಂದ ಬಿಸಿನೀರು ತೋಡಿ ಕೊಟ್ಟದ್ದು ಯಾರು? ಬಚ್ಚಲಿನ ಹೊಸ್ತಿಲು ದಾಟುವಾಗ ಯಾರ ಭುಜ ಹಿಡಿದರು? ಬೆನ್ನು ಯಾರು ಉಜ್ಜಿದರು? ಒದ್ದೆ ಸೀರೆ ಬಿಚ್ಚಲು ಎಷ್ಟು ಹೊತ್ತಾಯಿತು? ನಮ್ಮ ಹಳೆ ಮನೆಗಳಲ್ಲಿ ಬಚ್ಚಲು ಹೊರಗೆ, ನೆಲ ಪಾಚಿ, ಇಳಿಯಲು ಎರಡು ಮೆಟ್ಟಿಲು. ಇದೇ ಅಮ್ಮ ಬೆಂಗಳೂರಿನ ಫ್ಲ್ಯಾಟಿನಲ್ಲಿ ಪಾಸಾಗಬಹುದು, ಪೆರ್ಲದ ಮನೆಯಲ್ಲಿ ಫೇಲ್. ಅಂದರೆ ಫೇಲ್ ಆದದ್ದು ಬಚ್ಚಲು, ಅಮ್ಮ ಅಲ್ಲ. ಅದಕ್ಕೆ ಗೋಡೆಗೊಂದು ಹಿಡಿಕೆ, ಕೂರಲು ಪ್ಲಾಸ್ಟಿಕ್ ಕುರ್ಚಿ, ಮಂಚದ ಹತ್ತಿರ ಕಮೋಡ್ ಕುರ್ಚಿ ಸಾಕಾಗಬಹುದು. ಮೊದಲು ಅದನ್ನು ಮಾಡಿ ನೋಡಿ.

ಸೇರಿಸುವ ಹಂತ ಬಂತಾ ಅನ್ನುವುದು ಅಂಕದಲ್ಲಿ ಮಾತ್ರ ಇರುವುದಿಲ್ಲ. ನಾನು ನೋಡುವುದು ಬೇರೆ. ಎತ್ತಿ ಕೂರಿಸಲು ಒಬ್ಬರು ಸಾಕಾ, ಇಬ್ಬರು ಬೇಕಾ? ಸಹಾಯ ಹೊತ್ತಿಗೆ ಸರಿಯಾಗಿ ಬೇಕಾ, ಯಾವಾಗ ಅಂತ ಹೇಳಲು ಬಾರದ ಹಾಗೆ ಬೇಕಾ? ಅರ್ಧ ಗಂಟೆ ಒಬ್ಬರೇ ಬಿಟ್ಟರೆ ಏನಾಗುತ್ತದೆ? ರಾತ್ರಿ ಎಷ್ಟು ಸಲ ಏಳಬೇಕು? ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿಸುವುದನ್ನು ಕೂಲಿಗೆ ಬರುವವರೂ ಮಾಡುತ್ತಾರೆ. ರಾತ್ರಿ ಎರಡಕ್ಕೆ ಬಾಗಿಲ ಚಿಲಕ ತೆಗೆಯುವವರನ್ನು ಕಾಯುವುದು ಮನೆಯವರ ತಲೆಗೇ.

ಎರಡು ವಾರ ಒಂದು ನೋಟ್‌ಬುಕ್ ಇಡಲು ಅತ್ತಿಗೆಗೆ ಹೇಳಿ. ಬೇಡ, ಅವರಿಗೆ ಮತ್ತೊಂದು ಕೆಲಸ ಬೇಡ. ಅಣ್ಣನೇ ಬರೆಯಲಿ. ಅದಕ್ಕಾಗಿ ರಾತ್ರಿ ಅವನೇ ಅಮ್ಮನ ಕೋಣೆಯಲ್ಲಿ ಮಲಗಲಿ.

ಅದೇ ಪ್ರಶ್ನೆಗೆ ಮುಂದುವರಿಸಿ (ಸಿಸ್ಟರ್):

ಊಟ ಮಾಡಿ ಬಂದೆ. ಮುಖ್ಯವಾದದ್ದು ಬಿಟ್ಟುಹೋಗಿತ್ತು. ಈ ಗಲಿಬಿಲಿ ನಿಧಾನ ಬಂತಾ, ಕೆಲವೇ ದಿನದಲ್ಲಿ ದಿಢೀರ್ ಬಂತಾ? ದಿಢೀರ್ ಆದರೆ ಜಾಗ ಹುಡುಕಬೇಡಿ, ಡಾಕ್ಟರನ್ನು ಹುಡುಕಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನಾಲ್ಕು ದಿನದ ಮಲಬದ್ಧತೆ, ಹೊಸ ನಿದ್ರೆ ಮಾತ್ರೆ, ಇವುಗಳಲ್ಲಿ ಯಾವುದೊಂದೂ ವಯಸ್ಸಾದವರ ತಲೆ ಕೆಡಿಸಬಲ್ಲದು. ಅದು ಸರಿಯಾಗುವ ಕಾಯಿಲೆ. ಥೈರಾಯ್ಡ್, ಬಿ12 ಕೂಡ ನೋಡಿಸಿ. ಶುಗರ್ ಮಾತ್ರೆಯ ವಿಷಯವೂ ಕೇಳಿ. ಊಟ ಅರ್ಧಕ್ಕೆ ಇಳಿದಿರುತ್ತದೆ, ಮಾತ್ರೆ ಹಳೆಯ ಲೆಕ್ಕದಲ್ಲೇ ನಡೆಯುತ್ತಿರುತ್ತದೆ. ರಾತ್ರಿ ಶುಗರ್ ಇಳಿದು ಬೆವರಿ ಎದ್ದು ಅಡ್ಡಾದಿಡ್ಡಿ ಮಾತಾಡುವವರಿದ್ದಾರೆ. ಬಿಪಿಗೆ ಮೂತ್ರ ಹೋಗುವ ಮಾತ್ರೆ ಇದ್ದು ಅದನ್ನು ಸಂಜೆ ಕೊಡುತ್ತಿದ್ದರೆ, ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಕೇಳಿ. ಅಷ್ಟರಿಂದಲೇ ರಾತ್ರಿ ನಾಲ್ಕು ಸಲ ಏಳುವುದು ಒಂದು ಸಲಕ್ಕೆ ಬಂದ ಮನೆ ಇದೆ. ನೀವೇ ಮಾತ್ರೆ ಬದಲಾಯಿಸಬೇಡಿ ಮತ್ತೆ.

ಇನ್ನೊಂದು ಪ್ರಶ್ನೆ (ನೀರ್ಚಾಲಿನ ಸದಸ್ಯರು):

ಸಿಸ್ಟರ್, ನಮ್ಮ ದೊಡ್ಡಮ್ಮನ ಮರೆವು ಪರೀಕ್ಷೆ ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಮಾಡಿದರು. 30ಕ್ಕೆ 11 ಬಂತು. ಅವರಿಗೆ ಬರುವುದು ಹವ್ಯಕ ಮತ್ತು ತುಳು. ಶಾಲೆಗೆ ಎರಡನೇ ಕ್ಲಾಸ್ ತನಕ ಹೋದವರು. ಈ ಅಂಕ ನಂಬಬಹುದಾ?

ಉತ್ತರ:

ನಂಬಬೇಡಿ. ಮತ್ತೊಮ್ಮೆ ಮಾಡಿಸಿ, ಅವರ ಮಾತು ಬರುವವರು ಒಬ್ಬರು ಪಕ್ಕದಲ್ಲಿರಲಿ. ಆ 30 ಅಂಕದ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುವುದು, ಒಂದು ವಾಕ್ಯ ಬರೆಯುವುದು, ಚಿತ್ರ ನೋಡಿ ಬಿಡಿಸುವುದು ಎಲ್ಲ ಇದೆ. ಶಾಲೆ ಕಲಿಯದವರಿಗೆ ಅಲ್ಲೇ ಅಂಕ ಹೋಗುತ್ತದೆ. ಕಡಿಮೆ ಓದಿದವರಿಗಾಗಿಯೇ ಹಿಂದಿಯಲ್ಲಿ ಬದಲಾಯಿಸಿ ಮಾಡಿದ ಪರೀಕ್ಷೆಯೂ ಇದೆ, ಅಂದರೆ ಈ ತೊಂದರೆ ಡಾಕ್ಟರುಗಳಿಗೆ ಗೊತ್ತಿಲ್ಲದ್ದಲ್ಲ. "ಇವತ್ತು ತಾರೀಕು ಎಷ್ಟು?" ಅಂದರೆ ನಮ್ಮ ಅಜ್ಜಿಯಂದಿರು ಯಾವ ಕಾಲಕ್ಕೂ ಹೇಳಿದವರಲ್ಲ. ತುಳು ತಿಂಗಳ ಲೆಕ್ಕದಲ್ಲಿ ಈಗ ಆಟಿಯಾ, ಸೋಣವಾ ಅಂತ ಕೇಳಿ. ಏಕಾದಶಿ ಆಯಿತಾ ಕೇಳಿ. ತೋಟದಲ್ಲಿ ಅಡಿಕೆ ಕೊಯ್ಲು ಆಯಿತಾ ಕೇಳಿ. ಕಿವಿ ಕೇಳುತ್ತದಾ, ಕಣ್ಣಿನ ಪೊರೆ ತೆಗೆಸಿದೆಯಾ, ಅದನ್ನೂ ಮೊದಲು ನೋಡಿ. ಕೇಳಿಸದವರೂ ಮರೆತವರ ಹಾಗೆಯೇ ಕಾಣುತ್ತಾರೆ.

ಇನ್ನೊಂದು ಪ್ರಶ್ನೆ (ಕುಂಬಳೆಯ ಸದಸ್ಯರು):

ಅಪ್ಪ ಸ್ಟ್ರೋಕ್ ಆಗಿ ಮಲಗಿದಲ್ಲೇ. ಮೂಗಿನಲ್ಲಿ ಊಟದ ಟ್ಯೂಬ್, ಮೂತ್ರಕ್ಕೆ ಟ್ಯೂಬ್. ಇಂಥವರನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪು ಅಂತ ನೆಂಟರು ಬೈಯುತ್ತಾರೆ.

ಉತ್ತರ:

ಟ್ಯೂಬ್ ಇದೆ ಅನ್ನುವ ಒಂದೇ ಕಾರಣಕ್ಕೆ ಎಲ್ಲಿಗೂ ಸೇರಿಸಬೇಕಾಗಿಲ್ಲ. ಕೇರಳದಲ್ಲಿ 2008ರಲ್ಲೇ ಪಾಲಿಯೇಟಿವ್ ನೀತಿ ಬಂದಿದೆ. ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಗೇ ಬಂದು ಟ್ಯೂಬ್ ಬದಲಾಯಿಸುತ್ತಾರೆ, ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಾರೆ. ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರಿಗೋ ಹೇಳಿ ಹೆಸರು ಬರೆಸಿ. ಹಾಸಿಗೆ ಹಿಡಿದವರನ್ನು ಪೂರ್ತಿ ಹೊತ್ತು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ಸರ್ಕಾರದ ಒಂದು ಸಹಾಯಧನದ ಯೋಜನೆಯೂ ಇದೆ. ದುಡ್ಡು ಸಣ್ಣದು, ಆದರೂ ವಿಚಾರಿಸಿ.

ನಾನು ಹೆದರುವುದು ಟ್ಯೂಬಿಗಲ್ಲ, ಬೆನ್ನಿನ ಕೆಳಗಿನ ಚರ್ಮಕ್ಕೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸುತ್ತಿದ್ದೀರಾ? ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪಾಗಿಯೇ ಇದ್ದರೆ ಹುಣ್ಣು ಶುರುವಾಗಿದೆ, ಅವತ್ತೇ ಸಿಸ್ಟರಿಗೆ ಫೋನ್ ಮಾಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಮಗ್ಗಲು ಬದಲಾಯಿಸಲು ಮನೆಯಲ್ಲಿ ಕೈಗಳೇ ಇಲ್ಲ ಅಂತಾದರೆ ಮಾತ್ರ ಜಾಗದ ಬಗ್ಗೆ ಯೋಚಿಸಿ. ಬೈಯುವ ನೆಂಟರಿಗೆ ವಾರಕ್ಕೊಂದು ರಾತ್ರಿ ಪಾಳಿ ಕೊಡಿ.

ಇನ್ನೊಂದು ಪ್ರಶ್ನೆ (ಮಂಜೇಶ್ವರದ ಸದಸ್ಯೆ):

ನನ್ನ ಅಕ್ಕ ಅಮೆರಿಕದಲ್ಲಿದ್ದಾಳೆ. ಅಲ್ಲಿ ಸರ್ಕಾರದವರೇ ಬಂದು ನರ್ಸಿಂಗ್ ಹೋಮ್ ಬೇಕಾ ಬೇಡವಾ ನೋಡುತ್ತಾರಂತೆ, ಹೌದಾ?

ಉತ್ತರ:

ಅಲ್ಲಿ ಖರ್ಚನ್ನು ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ವಿಮೆ, ಕೊಡಬೇಕಾದರೆ, ಅಷ್ಟು ಆರೈಕೆ ನಿಜವಾಗಿ ಬೇಕು ಅಂತ ಮೊದಲು ತೀರ್ಮಾನ ಆಗಬೇಕು. ಆ ಅಳತೆ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಸೇರಿದ ಮೇಲೂ 14 ದಿನದ ಒಳಗೆ ಪೂರ್ತಿ ತಪಾಸಣೆ ಬರೆಯಬೇಕು. ಅಲ್ಲೂ ನೋಡುವುದು ಮುಖ್ಯವಾಗಿ ಇವೇ: ಸ್ನಾನ, ಕಕ್ಕಸು, ಏಳುವುದು, ಬುದ್ಧಿಯ ಸ್ಥಿತಿ, ನರ್ಸ್ ಮಾಡಬೇಕಾದ ಕೆಲಸ. ನಮ್ಮಲ್ಲಿ ಆ ಲೆಕ್ಕವನ್ನು ಮನೆಯವರು, ಡಾಕ್ಟರ್, ಸಿಸ್ಟರ್ ಸೇರಿ ಹಾಕಬೇಕು.

ಮೊದಲ ಪ್ರಶ್ನೆ ಕೇಳಿದ ಸದಸ್ಯೆ, ಮೂರು ವಾರದ ನಂತರ:

ಸಿಸ್ಟರ್, ರಕ್ತ ಪರೀಕ್ಷೆ ಆಯಿತು. ಸೋಡಿಯಂ ಕಡಿಮೆ ಇತ್ತು. ಡಾಕ್ಟರ್ ಬಿಪಿ ಮಾತ್ರೆ ಬದಲಾಯಿಸಿದರು. ಹಗಲು ಈಗ ಎಷ್ಟೋ ವಾಸಿ. ಆದರೆ ಮರೆವು ಹಾಗೇ ಇದೆ. ಅಣ್ಣ ಹನ್ನೊಂದು ರಾತ್ರಿ ಬರೆದ. ಅದರಲ್ಲಿ ಏಳು ರಾತ್ರಿ ಎರಡು ಸಲ ಅಥವಾ ಜಾಸ್ತಿ. ಒಂದು ಸಲ ಅಮ್ಮ ಅಂಗಳ ದಾಟಿ ಬಾವಿ ಕಟ್ಟೆಯ ಹತ್ತಿರ ಇದ್ದರು. ಹನ್ನೆರಡನೇ ದಿನ ಅವನೇ ಫೋನ್ ಮಾಡಿ "ಇದು ಅವಳೊಬ್ಬಳಿಂದ ಆಗುವ ಕೆಲಸ ಅಲ್ಲ" ಅಂದ. ಸ್ನಾನಕ್ಕೆ, ಬಟ್ಟೆಗೆ, ಕಕ್ಕಸಿಗೆ ಜನ ಬೇಕು. ಏಳುವುದು, ಹಿಡಿತ, ಊಟ ಸರಿ ಇದೆ. ಈಗ?

ಉತ್ತರ:

ಆರಕ್ಕೆ ಮೂರು. ರಾತ್ರಿ ಅಲೆದಾಟ ಇದೆ. ನನ್ನ ಲೆಕ್ಕದಲ್ಲಿ ಅಮ್ಮನಿಗೆ ಇಪ್ಪತ್ತನಾಲ್ಕು ಗಂಟೆಯೂ ಒಬ್ಬರ ಕಣ್ಣು ಬೇಕು. ಆದರೆ ನರ್ಸಿನ ಕೈ ಬೇಕಾದಷ್ಟು ಇನ್ನೂ ಇಲ್ಲ. ಎರಡೂ ಬೇರೆ ಬೇರೆ. ರಾತ್ರಿಗೆ ಒಬ್ಬ ಹೋಮ್ ನರ್ಸ್ ಸಿಕ್ಕರೆ, ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದರೆ, ಬಾಗಿಲಿಗೆ ಒಂದು ಗಂಟೆ ಕಟ್ಟಿದರೆ ಮನೆ ಇನ್ನೂ ಸಾಕು. ಹೊರಗಿಂದ ಬೀಗ ಹಾಕಬೇಡಿ. ಹೋಮ್ ನರ್ಸ್ ಅನ್ನುವವರು ಹೆಚ್ಚಿನವರು ನರ್ಸ್ ಅಲ್ಲ, ಆರೈಕೆಯವರು. ಇನ್ಸುಲಿನ್ ಕೊಡಲು ಕಲಿತಿದ್ದಾರಾ ಅಂತ ಕೇಳಿಯೇ ಇಟ್ಟುಕೊಳ್ಳಿ.

ಅತ್ತಿಗೆಗೆ ಮೊದಲು ಎರಡು ವಾರ ರಜೆ ಕೊಡಿ. ನೀವು ಬಂದು ನಿಲ್ಲಿ, ಹಬ್ಬಕ್ಕಲ್ಲದೆ. ಅವರ ಬೆನ್ನುನೋವು, ಬಿಪಿ ಯಾರಾದರೂ ನೋಡಿದ್ದಾರಾ? ಮನೆಯ ಆರೈಕೆ ನಿಲ್ಲುವುದು ಎಷ್ಟೋ ಸಲ ರೋಗಿಗೆ ಕಾಯಿಲೆ ಹೆಚ್ಚಾಗಿ ಅಲ್ಲ, ನೋಡಿಕೊಳ್ಳುವವರು ಮಲಗಿ.

ಜೊತೆಗೆ ಜಾಗಗಳನ್ನೂ ಈಗಲೇ ನೋಡಿಟ್ಟುಕೊಳ್ಳಿ, ಅವಸರದಲ್ಲಿ ಹುಡುಕುವುದಕ್ಕಿಂತ ವಾಸಿ. ಹಗಲು ಹನ್ನೊಂದಕ್ಕೆ ಹೋಗಬೇಡಿ, ಸಂಜೆ ಏಳರ ಮೇಲೆ ಹೋಗಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಹಾಸಿಗೆ ಹಿಡಿದ ಮೇಲೆ ವಾಪಸ್ ಕಳಿಸುತ್ತೀರಾ, ಕನ್ನಡ ಅಥವಾ ತುಳು ಬರುವವರು ಯಾರಿದ್ದಾರೆ, ಈ ಮೂರು ಕೇಳಿ. ಮೂತ್ರದ ವಾಸನೆ ಇದೆಯಾ ನಿಮ್ಮ ಮೂಗೇ ಹೇಳುತ್ತದೆ. ಅಮ್ಮ ಎರಡು ಸಲ ಬಿದ್ದರೆ, ಹಿಡಿತ ತಪ್ಪಿದರೆ, ಇಬ್ಬರು ಎತ್ತಬೇಕಾಗಿ ಬಂದರೆ, ಮತ್ತೆ ಇಲ್ಲಿ ಬರೆಯಿರಿ. ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಆ ಆರನ್ನು ಹೊಸದಾಗಿ ಎಣಿಸಿ.

ಸದಸ್ಯೆ:

ಅಮ್ಮನನ್ನು ಕೇಳಬೇಕಾ? ಮರೆವು ಇರುವವರನ್ನು ಕೇಳಿ ಏನು ಉಪಯೋಗ ಅಂತ ಅಣ್ಣ ಅನ್ನುತ್ತಾನೆ.

ಉತ್ತರ:

ಕೇಳಲೇಬೇಕು. ತಾರೀಕು ಮರೆತವರಿಗೆ ಎಲ್ಲಿ ಮಲಗಬೇಕು ಅನ್ನುವುದು ಮರೆತಿರುವುದಿಲ್ಲ. ಸಂಜೆ ಕೇಳಬೇಡಿ, ಆ ಹೊತ್ತು ಅವರಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಕಾಫಿ ಕುಡಿದ ಮೇಲೆ, ಟಿವಿ ಆರಿಸಿ, ಎದುರಿಗೆ ಕೂತು, ಮನೆ ಮಾತಿನಲ್ಲಿ ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ಎರಡು ಸಲವೂ ಒಂದೇ ಉತ್ತರ ಬಂದರೆ ಅದನ್ನೂ ಅಣ್ಣನ ನೋಟ್‌ಬುಕ್ಕಿನಲ್ಲಿ ಬರೆಯಿಸಿ.