ಟೈರ್ ‘ಕಾಯಿಸು’ವುದಾ, ‘ಕಾವೇರಿಸು’ವುದಾ?

ಬಳಗದ ಎಲ್ಲರಿಗೂ ತುಮಕೂರಿನಿಂದ ನಮಸ್ಕಾರ.

ಒಂದು ಪುಟದ ಸೂಚನೆ ಬರೆಯಲು ಕೂತು ಮೂರು ದಿನದಿಂದ ಒಂದೇ ಕ್ರಿಯಾಪದದ ಹಿಂದೆ ಅಲೆಯುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನನ್ನ ಅಕ್ಕನ ಮಗನಿಗೆ ಕಾರ್ ರ್‍ಯಾಲಿ ಹುಚ್ಚು. ಓಡಿಸುವಷ್ಟು ದುಡ್ಡಿಲ್ಲ, ಹಾಗಾಗಿ ಮಾರ್ಷಲ್ ಆಗಿ ಹೋಗಿ ಬಿಸಿಲಲ್ಲಿ ಬಾವುಟ ಹಿಡಿದು ನಿಲ್ಲುತ್ತಾನೆ. ಅವನ ಸ್ನೇಹಿತರು ಸಿರಾ ಕಡೆ ಒಂದು ಸಣ್ಣ ರ್‍ಯಾಲಿ ಮಾಡಬೇಕೆಂದಿದ್ದಾರೆ. ಓಡಿಸುವವರಿಗೂ ದಾರಿಯ ಊರುಗಳವರಿಗೂ ಕನ್ನಡದಲ್ಲಿ ಒಂದು ಸೂಚನೆ ಬೇಕಂತೆ. ‘ಮಾವ, ನೀವು ಹೇಗೂ ಏನಾದ್ರೂ ಬರೀತಾನೇ ಇರ್ತೀರಲ್ಲ, ಅರ್ಧ ಗಂಟೆ ಕೆಲಸ’ ಅಂದ. ನಾನೂ ನಂಬಿದೆ.

ಮೊದಲ ಪೆಟ್ಟು ಬಿದ್ದಿದ್ದು ‘ರ್‍ಯಾಲಿ’ ಅನ್ನುವ ಪದಕ್ಕೇ. ‘ಭಾನುವಾರ ನಿಮ್ಮೂರ ಹತ್ತಿರ ರ್‍ಯಾಲಿ ಇದೆ’ ಎಂದು ಬರೆದು ಪಕ್ಕದ ಮನೆಯವರಿಗೆ ತೋರಿಸಿದೆ. ಓದಿದವರೇ ‘ಯಾವ ಪಕ್ಷದ್ದು?’ ಅಂದರು. ನಮ್ಮಲ್ಲಿ ರ್‍ಯಾಲಿ ಅಂದರೆ ಬಾವುಟ, ಮೈಕು, ಬಿರಿಯಾನಿ ಪೊಟ್ಟಣ. ‘ಕಾರ್ ರ್‍ಯಾಲಿ’ ಎಂದು ತಿದ್ದಿದೆ. ‘ಓಹೋ, ಟಿಕೆಟ್ ಸಿಗದವರು ಕಾರಲ್ಲಿ ಹೋಗ್ತಾರಾ?’ ಅಂದರು. ಅಲ್ಲಿಗೆ ಆ ಪದವನ್ನು ಹಾಗೇ ಬಿಟ್ಟು ಕೆಳಗೆ ಒಂದು ಕಾರಿನ ಚಿತ್ರ ಹಾಕುವುದೆಂದು ತೀರ್ಮಾನಿಸಿದೆವು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರ್‍ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ, ಒಂದಾದ ಮೇಲೆ ಒಂದು ಬಿಡುತ್ತಾರೆ. ಬೇರೆಯವರಿಗೆ ಮುಚ್ಚಿದ ದಾರಿಯಲ್ಲಿ ಗಡಿಯಾರದ ವಿರುದ್ಧ ಓಡುವ ತುಂಡಿಗೆ ಸ್ಟೇಜ್ ಅನ್ನುತ್ತಾರೆ. ಒಂದು ಸ್ಟೇಜ್ ಮುಗಿದು ಇನ್ನೊಂದಕ್ಕೆ ಹೋಗಲು ಮಾಮೂಲಿ ರಸ್ತೆಯೇ ಗತಿ. ಅದೇ ಕಾರು, ಅದೇ ಹೆಲ್ಮೆಟ್ಟಿನ ಜನ, ಆದರೆ ಮುಂದೆ ಹುಲ್ಲಿನ ಟ್ರ್ಯಾಕ್ಟರ್, ಪಕ್ಕದಲ್ಲಿ ಟಿವಿಎಸ್‌ನಲ್ಲಿ ಹಾಲಿನ ಕ್ಯಾನ್. ಅಲ್ಲಿ ಸಂಚಾರದ ನಿಯಮ ಎಲ್ಲರಿಗೂ ಒಂದೇ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಪಂದ್ಯ ಕಟ್ಟಿದರೆ 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಬೀಳುತ್ತದೆ. (ಈ ‘ಕಾಯ್ದೆ’ ನಾನು ಮುಂದೆ ಹೇಳುವ ‘ಕಾಯ್’ನ ನೆಂಟನಲ್ಲ, ಉರ್ದು ಕಡೆಯಿಂದ ಬಂದವನು. ಯಾರಾದರೂ ಕೇಳುವ ಮುಂಚೆಯೇ ಹೇಳಿಬಿಟ್ಟೆ.)

ಈಗ ತೊಡಕು. ರಬ್ಬರ್ ತಣ್ಣಗಿದ್ದರೆ ಗಟ್ಟಿ, ರಸ್ತೆ ಹಿಡಿಯುವುದಿಲ್ಲ. ಬಿಸಿಯಾದರೆ ಮೆತ್ತಗಾಗಿ ಗ್ರಿಪ್ ಕೊಡುತ್ತದೆ. ಅದಕ್ಕೇ ಸ್ಟೇಜ್ ಶುರುವಾಗುವ ಮುಂಚೆ ಕೆಲವರು ಮಾಮೂಲಿ ರಸ್ತೆಯಲ್ಲೇ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ, ಗಕ್ಕನೆ ಬ್ರೇಕ್ ಹಾಕುತ್ತಾ, ಮತ್ತೆ ಆಕ್ಸಿಲರೇಟರ್ ಒತ್ತುತ್ತಾ ಹೋಗುತ್ತಾರೆ. ಫಾರ್ಮುಲಾ ಒನ್ ಓಟದಲ್ಲಿ ಪಂದ್ಯ ಶುರುವಾಗುವ ಮುಂಚಿನ ನಿಧಾನದ ಸುತ್ತಿನಲ್ಲಿ ಕಾರುಗಳು ಹಾಗೆ ಆಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಅಲ್ಲಿ ಎದುರಿಂದ ಕೆಎಸ್‌ಆರ್‌ಟಿಸಿ ಬಸ್ ಬರುವುದಿಲ್ಲ. ಇದನ್ನು ಮಾಡಬೇಡಿ ಎಂದು ನಾನು ಒಂದೇ ಸಾಲಿನಲ್ಲಿ ಹೇಳಬೇಕು.

ನನ್ನ ಮೊದಲ ಸಾಲು ಹೀಗಿತ್ತು: ‘ಸಾರ್ವಜನಿಕ ರಸ್ತೆಗಳಲ್ಲಿ ಚಕ್ರಗಳ ತಾಪಮಾನವನ್ನು ವೃದ್ಧಿಗೊಳಿಸುವ ಸಲುವಾಗಿ ವಾಹನವನ್ನು ವಕ್ರಗತಿಯಲ್ಲಿ ಚಲಾಯಿಸತಕ್ಕದ್ದಲ್ಲ.’ ಹುಡುಗ ಓದಿ, ‘ಮಾವ, ಇದನ್ನ ಓದೋಕೆ ಇನ್ನೊಬ್ಬ ನ್ಯಾವಿಗೇಟರ್ ಬೇಕು’ ಅಂದ. (ಓಡಿಸುವವನ ಪಕ್ಕ ಕೂತು ದಾರಿಯ ಟಿಪ್ಪಣಿ ಓದಿ ಹೇಳುವವನೇ ನ್ಯಾವಿಗೇಟರ್.)

ಸರಿ, ಮನೆಮಾತಿಗೆ ಬಂದೆ. ‘ಟೈರ್ ಕಾಯಿಸಲೆಂದು...’ ಎಂದು ಶುರು ಮಾಡಿದೆ. ಹಾಲು ಕಾಯಿಸುತ್ತೇವೆ, ನೀರು ಕಾಯಿಸುತ್ತೇವೆ. ಊರಹಬ್ಬದಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಾರೆ. ಆಟಕ್ಕೆ ಮುಂಚೆ ಬಿಸಿ ಮಾಡಿ ಹದಕ್ಕೆ ತರುವುದಕ್ಕೆ ಇದಕ್ಕಿಂತ ಹತ್ತಿರದ ಮಾತು ಎಲ್ಲಿದೆ? ಚರ್ಮ ತಣ್ಣಗಿದ್ದರೆ ‘ಬದ್ ಬದ್’ ಅನ್ನುತ್ತದೆ, ಕಾದರೆ ‘ಠಣ್’ ಅನ್ನುತ್ತದೆ. ನನಗೆ ಬಹಳ ಖುಷಿಯಾಗಿತ್ತು.

ಆದರೆ ‘ಕಾಯಿಸು’ ಅಂದರೆ ಕಾಯುವಂತೆ ಮಾಡು ಎಂದೂ ಆಗುತ್ತದಲ್ಲ. ‘ಒಂದು ಗಂಟೆಯಿಂದ ಕಾಯಿಸ್ತಿದೀಯ’ ಅಂತ ಬೈಯುವುದಿಲ್ಲವೇ. ಟೈರ್ ಕಾಯಿಸಬೇಡಿ ಅಂದರೆ ಟೈರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ ಅಂದಹಾಗೂ ಕೇಳುತ್ತದೆ. ‘ಕಾದ ಟೈರ್’ ಅಂದರೆ ಬಿಸಿಯಾದದ್ದೋ, ಯಾರಿಗೋ ಕಾದು ಕೂತದ್ದೋ? ಇದರ ಮೇಲೆ ದನ ಕಾಯುವುದು, ಹೊಲ ಕಾಯುವುದು ಬೇರೆ. ಪಾವಗಡದ ಕಡೆಯ ನೆಂಟರೊಬ್ಬರನ್ನು ಕೇಳಿದೆ. ಅವರ ತೆಲುಗಿನಲ್ಲೂ ‘ಕಾಚು’ ಅಂದರೆ ಕಾಯಿಸು, ಕಾಪಾಡು ಎರಡೂ ಹೌದಂತೆ. ಬಿಸಿ ಮಾಡುವುದು, ಕಾವಲಿರುವುದು ಮೂಲದಲ್ಲೇ ಒಂದಾ, ಇಲ್ಲ ಎರಡು ಬೇರೆ ಪದಗಳು ಸವೆದು ಒಂದೇ ರೂಪಕ್ಕೆ ಬಂದವಾ? ನಿಘಂಟು ನೋಡುವ ಅಭ್ಯಾಸ ಇರುವವರು ಹೇಳಿ. ಇದು ನನ್ನ ಮೊದಲ ಪ್ರಶ್ನೆ.

ಎರಡನೆಯ ತೊಡಕು ಪಂಚರ್ ಅಂಗಡಿಯಲ್ಲಿ ಸಿಕ್ಕಿತು.

ಸಿರಾ ರಸ್ತೆಯಲ್ಲಿ ನಾನು ಗಾಳಿ ಹಾಕಿಸುವ ಅಂಗಡಿ ಒಂದಿದೆ. ಯಜಮಾನರಿಗೆ ಅರವತ್ತು ದಾಟಿದೆ. ‘ಅಣ್ಣಾವ್ರೇ, ಟೈರ್ ಕಾಯಿಸೋದು ಅಂತೀರಾ ನೀವು?’ ಅಂದೆ. ‘ಯಾಕ್ ಸಾ, ಉಪ್ಪು ಖಾರ ಹಾಕ್ತೀರಾ?’ ಅಂದರು. ಆಮೇಲೆ ವಿಷಯ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ. ಟೈರ್ ಬಿಸಿಯಾಗದೆ ಇರಲಿ ಅಂತ ಜನ ಒದ್ದಾಡುವಾಗ ಬೇಕೂಂತಲೇ ಬಿಸಿ ಮಾಡುವವರೂ ಇದ್ದಾರಾ ಅಂತ.

ಅಷ್ಟರಲ್ಲಿ ಹಿರಿಯೂರು ಕಡೆಯಿಂದ ಬಂದ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ವೀಲ್ ಸ್ಪ್ಯಾನರ್ ತೆಗೆದುಕೊಂಡು ಒಂದೊಂದೇ ಟೈರ್‌ಗೆ ಕುಟ್ಟುತ್ತಾ ಹೋದ. ಗಾಳಿ ಸರಿಯಿದ್ದ ಟೈರ್‌ನಿಂದ ಸ್ಪ್ಯಾನರ್ ಪುಟಿಯುತ್ತಿತ್ತು. ಹಿಂದುಗಡೆ ಜೋಡಿ ಟೈರಿನ ಒಳಗಿನದಕ್ಕೆ ಕುಟ್ಟಿದಾಗ ಮಾತ್ರ ‘ಧಪ್’ ಅಂತ ಮಂಕು ಸದ್ದು. ಯಜಮಾನರು ಬಗ್ಗಿ ಹಿಂಗೈ ತಾಗಿಸಿ ನೋಡಿದರು. ‘ಗಾಳಿ ಕಮ್ಮಿ ಇದೆ, ಕಾವು ಕೂತಿದೆ’ ಅಂದರು. ನನ್ನ ಕೈಯನ್ನೂ ಹಿಡಿದು ತಾಗಿಸಿದರು. ಹೊರಗಿನ ಟೈರ್ ಬರೀ ಬಿಸಿಲಿಗೆ ಬಿಸಿ. ಒಳಗಿನದು ಹಾಗಲ್ಲ. ಜ್ವರ ಬಂದ ಮಗುವಿನ ಬೆನ್ನು ಮುಟ್ಟಿದ ಹಾಗೆ, ಒಳಗಿನಿಂದ ಬರುತ್ತಿತ್ತು.

‘ಕಾವು ಕೂತಿದೆ.’ ನನಗೆ ಅಲ್ಲೇ ಪದ ಸಿಕ್ಕಿತು ಅನ್ನಿಸಿತು.

ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಬಿಸಿ ಅನ್ನುವುದು ಚರ್ಮದ ಮಾತು, ಮುಟ್ಟಿದರೆ ಗೊತ್ತಾಗುವುದು. ಕಾವು ಒಳಗಿನದು, ನಿಧಾನಕ್ಕೆ ಏರುವುದು, ಏರಿದ ಮೇಲೆ ಬೇಗ ಇಳಿಯದೆ ಇರುವುದು. ಕೋಳಿ ಮೊಟ್ಟೆಗೆ ಕೊಡುವುದು ಕಾವು, ಬಿಸಿಯಲ್ಲ. ಹೆಂಚಿಗೆ ಕಾವು ಬಂದಮೇಲೇ ದೋಸೆ ಏಳುವುದು. ಟೈರಿನಲ್ಲೂ ಇದೇ ಎರಡಿದೆ. ಸ್ಟೀರಿಂಗ್ ಅತ್ತಿತ್ತ ಆಡಿಸಿದಾಗ ರಸ್ತೆಗೆ ಉಜ್ಜಿ ಮೇಲಿನ ರಬ್ಬರ್ ಬಿಸಿಯಾಗುತ್ತದೆ, ನಾಲ್ಕು ಕಿಲೋಮೀಟರ್ ಸುಮ್ನೆ ಹೋದರೆ ಆರಿಯೂ ಹೋಗುತ್ತದೆ. ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಅಮುಕಿ ಮತ್ತೆ ಬಿಚ್ಚಿಕೊಳ್ಳುತ್ತದಲ್ಲ, ಆ ಬಾಗಿ ಏಳುವುದರಿಂದ ಒಳಗೆ ಹುಟ್ಟುವುದು ಕಾವು. ಗಾಳಿ ಕಮ್ಮಿ ಇದ್ದರೆ ಪಕ್ಕದ ಗೋಡೆ ಜಾಸ್ತಿ ಬಾಗುತ್ತದೆ, ಕಾವೂ ಜಾಸ್ತಿ. ಲಾರಿಯವನ ‘ಧಪ್’ ಅದೇ.

ಅಂದರೆ ಓಲಾಡಿಸಿ ಗಳಿಸುವುದು ಬಹುಪಾಲು ಬಿಸಿ, ಬೇಕಾಗಿರುವುದು ಕಾವು. ನಮ್ಮಲ್ಲಿ ರ್‍ಯಾಲಿ ಹೆಚ್ಚಾಗಿ ಮಣ್ಣು ರಸ್ತೆಯಲ್ಲಿ. ಅದೂ ಏಪ್ರಿಲ್ ತಿಂಗಳ ಸಿರಾ ಬಿಸಿಲಲ್ಲಿ! ಡಾಂಬರೇ ಕಾದು ಮೆತ್ತಗಾಗಿರುತ್ತದೆ, ಅದರ ಮೇಲೆ ಟೈರ್‌ಗೆ ಇನ್ನೂ ಯಾವ ಉಪಚಾರ ಬೇಕು? ಜನವರಿಯ ಮಾಂಟೆ ಕಾರ್ಲೊ ರ್‍ಯಾಲಿಯ ಹಿಮದ ರಸ್ತೆಯವರ ಕಷ್ಟವನ್ನು ಇಲ್ಲಿಗೆ ತಂದು ಅನುಭವಿಸುವುದು ನನಗಂತೂ ಶೋಕಿಯಾಗಿ ಕಾಣುತ್ತದೆ. ಹುಡುಗ ಒಪ್ಪುವುದಿಲ್ಲ, ಬೆಳಗಿನ ಮೊದಲ ಸ್ಟೇಜ್‌ಗೆ ಬೇಕಾಗುತ್ತೆ ಮಾವ ಅನ್ನುತ್ತಾನೆ. ಬೇಕಿದ್ದರೆ ಸ್ಟೇಜಿನ ಮೊದಲೆರಡು ತಿರುವು ಹುಷಾರಾಗಿ ತಗೊಳ್ಳಲಿ. ಒಳಗೆ ರಸ್ತೆ ಅವರದೇ ಅಲ್ವಾ.

ಇದೇ ಅಂಗಡಿಯಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಓಡಿ ಬಂದ ಗಾಡಿಯ ಟೈರ್‌ಗೆ ಗಾಳಿ ಅಳೆಯುವ ಮೀಟರ್ ಹಿಡಿದು ನೋಡಿದರೆ ಅದರ ಮುಳ್ಳು ಮೇಲಿರುತ್ತದೆ. ಜನ ‘ಗಾಳಿ ಜಾಸ್ತಿ ಆಗಿದೆ, ಸ್ವಲ್ಪ ಬಿಡಿ’ ಅನ್ನುತ್ತಾರೆ. ಗಾಳಿ ಎಲ್ಲಿಂದ ಜಾಸ್ತಿ ಆಗುತ್ತದೆ? ಇದ್ದ ಗಾಳಿಯೇ ಬಿಸಿಯಾಗಿ ಒತ್ತಡ ಏರಿರುತ್ತದೆ. 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಕಾರಿನ ಟೈರ್ ಒಳಗೆ 10 ಡಿಗ್ರಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿ ಟೈರ್‌ನಿಂದ ಗಾಳಿ ಬಿಟ್ಟರೆ ಬೆಳಿಗ್ಗೆ ತಣ್ಣಗಾದಾಗ ಕಮ್ಮಿ, ಕಮ್ಮಿಯಾದರೆ ಮತ್ತೆ ಕಾವು. ‘ಗಾಳಿ’ ಎಂಬ ಒಂದೇ ಪದದಲ್ಲಿ ಗಾಳಿಯನ್ನೂ ಒತ್ತಡವನ್ನೂ ಹೇಳುವ ನಮ್ಮ ರೂಢಿಯೇ ಈ ತಪ್ಪಿಗೆ ಕಾರಣ ಅಂತ ನನ್ನ ಗುಮಾನಿ. ಸೂಚನೆಯಲ್ಲಿ ‘ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿಸಿ’ ಎಂದು ಬರೆದು ಮುಂದೆ ಹೋದೆ.

‘ಓಲಾಡಿಸು’ ಪದವೂ ಸುಲಭಕ್ಕೆ ಸಿಗಲಿಲ್ಲ. ಹುಡುಗರು ‘ಕಟ್ ಹೊಡೆಯೋದು’ ಅನ್ನುತ್ತಾರೆ, ಆದರೆ ಅದು ಬೇರೆ ಗಾಡಿಗಳ ನಡುವೆ ನುಗ್ಗುವುದು. ‘ಅಡ್ಡಾದಿಡ್ಡಿ’ ಅಂದರೆ ಓಡಿಸಲು ಬಾರದವನು. ‘ತೂರಾಡು’ ಕುಡಿದವನಿಗೆ. ಹುಲ್ಲು ಹೇರಿದ ಲಾರಿ ತಾನಾಗಿ ಓಲಾಡುತ್ತದೆ. ಇಲ್ಲಿ ಓಡಿಸುವವನು ಬೇಕೆಂದೇ ಮಾಡುವುದರಿಂದ ‘ಓಲಾಡಿಸು’ ಹೊಂದುತ್ತದೆ ಅನ್ನಿಸಿತು. ‘ಹಾವಿನ ಹಾಗೆ ಓಡಿಸು’ ಕೂಡ ಚೆನ್ನಾಗಿದೆ, ಉದ್ದ ಅಷ್ಟೆ.

ಇನ್ನು ‘ಪ್ರದರ್ಶನ’. ಓಡಿಸುವವರ ಪರಿಚಯ ಬರೆಯುವಾಗ ಹುಡುಗ ಎಲ್ಲರಿಗೂ ‘ಉತ್ತಮ ಪ್ರದರ್ಶನ ನೀಡಿದ್ದಾರೆ’ ಎಂದು ಹಾಕಿದ್ದ. ಪತ್ರಿಕೆಯ ಆಟದ ಪುಟದ ಚಾಳಿ ಇದು. ನನಗೆ ಪ್ರದರ್ಶನ ಅಂದರೆ ಫಲಪುಷ್ಪ ಪ್ರದರ್ಶನ, ಇಲ್ಲ ಶಕ್ತಿ ಪ್ರದರ್ಶನ. ನೋಡಲಿ ಎಂದು ಮಾಡುವುದು. ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್ ಆದರು, 2019ರಲ್ಲಿ ಮೋಟಾರು ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ಪಡೆದರು. ಅದು ಸಾಧನೆ. ಒಂದು ದಿನ ಚೆನ್ನಾಗಿ ಓಡಿಸಿದರೆ ‘ಒಳ್ಳೆಯ ಓಟ’. ಸ್ಟೇಜ್ ಮುಗಿಸಿ ಬಸ್‌ಸ್ಟಾಪ್ ಮುಂದೆ ಹೊಗೆ ಎಬ್ಬಿಸಿ ಗಿರಗಿರ ತಿರುಗಿಸಿದರೆ ಅದು ಅಪ್ಪಟ ಪ್ರದರ್ಶನ. ‘ಸಾರ್ವಜನಿಕ ರಸ್ತೆಯಲ್ಲಿ ಪ್ರದರ್ಶನ ಬೇಡ’ ಎಂದು ಬರೆಯಬೇಕಿರುವ ಹಾಳೆಯಲ್ಲೇ ‘ಉತ್ತಮ ಪ್ರದರ್ಶನ’ ಎಂದು ಹೊಗಳುವುದು ಹೇಗೆ?

ಒಳ್ಳೆಯ ಓಟ, ರಸ್ತೆಯ ತಪ್ಪು ಎರಡೂ ಒಂದೇ ದಿನ ಸಿಕ್ಕಿದ್ದೂ ಉಂಟು. 2021ರ ಕ್ರೊಯೇಷ್ಯಾ ರ್‍ಯಾಲಿಯ ಕೊನೆಯ ದಿನ, ಸ್ಟೇಜ್‌ಗೆ ಹೋಗುವ ಮಾಮೂಲಿ ರಸ್ತೆಯಲ್ಲಿ ವಿಶ್ವ ಚಾಂಪಿಯನ್ ಸೆಬಾಸ್ಟಿಯನ್ ಓಜಿಯೇ ಅವರ ಕಾರು ಇನ್ನೊಂದು ಕಾರಿಗೆ ತಾಗಿತು. ಪಕ್ಕ ಜಜ್ಜಿದ ಅದೇ ಕಾರಿನಲ್ಲಿ ಅವರು 0.6 ಸೆಕೆಂಡಿನಿಂದ ಗೆದ್ದರು, ರಸ್ತೆಯಲ್ಲಿ ಆದದ್ದಕ್ಕೆ ದಂಡವನ್ನೂ ಕಟ್ಟಿದರು. ಅಲ್ಲಿ ಟೈರಿನ ಮಾತಿರಲಿಲ್ಲ, ಆದರೆ ಸ್ಟೇಜಿನ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ ಎಂದು ಹುಡುಗನಿಗೆ ಹೇಳಲು ನನಗೆ ಅನುಕೂಲವಾಯಿತು. ಅವನು ‘ಪ್ರದರ್ಶನ’ ಹೊಡೆದುಹಾಕಿ ‘ಓಟ’ ಎಂದು ತಿದ್ದಿದ.

ಈಗ ಸಾಲು ಇಲ್ಲಿಗೆ ಬಂದು ನಿಂತಿದೆ: ‘ಎರಡು ಸ್ಟೇಜ್ ನಡುವಿನ ರಸ್ತೆಯಲ್ಲಿ ಟೈರ್ ಕಾವೇರಿಸಲೆಂದು ಗಾಡಿ ಓಲಾಡಿಸಬೇಡಿ. ಹಿಂದೆ ಬರುವವರು ಗಾಬರಿಯಾಗುವ ಹಾಗೆ ಬ್ರೇಕ್ ಹಾಕಬೇಡಿ.’

‘ಕಾವೇರಿಸು’ ನನಗೆ ಇಷ್ಟ. ಆದರೆ ಚುನಾವಣೆ ಬಂದಾಗ ಪತ್ರಿಕೆಗಳು ‘ಕಾವೇರಿದ ಕಣ’ ಎಂದು ಬರೆದೂ ಬರೆದೂ ಪದ ಸವೆದಿದೆ. ಮೇಲಾಗಿ ಅವಸರದಲ್ಲಿ ಓದಿದವರು ಕಾವೇರಿ ನದಿಗೆ ಹೋಗಿ ಬೀಳುತ್ತಾರೆ. ‘ಕಾವು ತರು’, ‘ಕಾವು ಕೂರಿಸು’, ‘ಹದಕ್ಕೆ ತರು’ ಇವೂ ತಲೆಯಲ್ಲಿವೆ. ಹುಡುಗರ ‘ಹೀಟ್ ಮಾಡೋದು’ ಬಿಡೋಣ ಅನ್ನುವಂತಿಲ್ಲ, ಎಲ್ಲರಿಗೂ ಅರ್ಥವಾಗುವುದು ಅದೊಂದೇ. ಲಾರಿಯವರಿಗೆ ಮಾತ್ರ ‘ಟೈರ್ ಹೀಟ್ ಆಗಿದೆ’ ಅಂದರೆ ತೊಂದರೆ ಎಂದೇ ಅರ್ಥ.

ಇನ್ನೊಂದು ಉಳಿದಿದೆ. ಸ್ಟೇಜಿನಿಂದ ಸ್ಟೇಜಿಗೆ ಹೋಗುವ ಆ ಮಾಮೂಲಿ ರಸ್ತೆಯ ತುಂಡಿಗೆ ಏನನ್ನೋಣ? ‘ನಡುದಾರಿ’ ಅಂದೆ. ‘ನಡುದಾರೀಲಿ ಕೈಬಿಟ್ಟಂಗಾಯ್ತು’ ಅಂದ ಹುಡುಗ. ‘ಸಾಗುದಾರಿ’ ಅಂದರೆ ನಡೆದೀತಾ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಯಾರಾದರೂ ಬೈಕ್ ಓಟಕ್ಕೆ ಹೋಗುವವರಿದ್ದರೆ, ನಿಮ್ಮ ಗುಂಪಿನಲ್ಲಿ ಇದಕ್ಕೆ, ಮತ್ತೆ ಟೈರಿನ ಆ ಕೆಲಸಕ್ಕೆ ಏನನ್ನುತ್ತೀರಿ ಬರೆಯಿರಿ. ಹಾಳೆ ಗುರುವಾರ ಪ್ರೆಸ್‌ಗೆ ಹೋಗುತ್ತದೆ.